ಚುಕ್ಕಿ ಲೆಕ್ಕ

ಅಂತಲಾಹಾ ಬಂದರಿನಿಂದ ಒಳಗೆ
ಎರಡು ಹೊಳೆ ದಾಟಿದರೆ ನಮ್ಮ ಗೋದಾಮು:
ತಗಡಿನ ಸೂರು, ಹದಿನೇಳು ಮರದ ಪೆಟ್ಟಿಗೆ,
ಒಂದು ತಕ್ಕಡಿ, ಒಂದು ಬೆಕ್ಕು,
ಮತ್ತು ಲೆಕ್ಕ ಬರೆಯುವ ನಾನು.

ಈ ವೆನಿಲ್ಲಾ ಬಳ್ಳಿ ನಮ್ಮ ನೆಲದ್ದಲ್ಲ.
ಹಡಗಿನಲ್ಲಿ ಬಂತು. ಅದರ ಹೂವಿನ ಗುಟ್ಟು ಬಲ್ಲ ಜೇನ್ನೊಣ
ಹಡಗು ಹತ್ತಲಿಲ್ಲ.
ಹಾಗಾಗಿ ಹೂವು ಅರಳುವ ಒಂದೇ ಬೆಳಗು
ನಮ್ಮ ಹೆಂಗಸರೇ ದುಂಬಿಗಳು:
ಕಿತ್ತಳೆ ಮುಳ್ಳು ಹಿಡಿದು, ತುಟಿ ಕಚ್ಚಿ,
ಒಂದೊಂದು ಹೂವಿಗೂ ಒಂದೊಂದು ಮದುವೆ.
ವೊಲಾಸುವಾ ಬೆಳಗಿಗೆ ಸಾವಿರ ಮಾಡಿಸುತ್ತಾಳೆ,
ತನ್ನದೇ ಇನ್ನೂ ಆಗಿಲ್ಲ ಎಂದು ನಗುತ್ತಾಳೆ.

ಕಾಯಿ ಕಟ್ಟಿದ ಮೇಲೆ ಕಳ್ಳರ ಕಾಲ.
ಬಿರಡೆಗೆ ಗುಂಡುಸೂಜಿ ಸಿಕ್ಕಿಸಿ
ಹಸಿ ಕಾಯಿಯ ಮೈಗೆ ಚುಚ್ಚುತ್ತೇವೆ ಗುರುತು:
ಮುದುಕ ಝಫಿಮಾರುವಿನದು ಐದು ಚುಕ್ಕಿ,
ವೊಲಾಸುವಾಳದು ಮೀನಿನ ಬಾಲ,
ನನ್ನ ಅಮ್ಮನದು ಮೂರು ಚುಕ್ಕಿ, ಒಂದು ಗೆರೆ.
ಬಿಸಿನೀರಿಗಿಳಿದರೂ, ಕಂಬಳಿಯೊಳಗೆ ಬೆವೆತರೂ,
ತಿಂಗಳುಗಟ್ಟಲೆ ಬಿಸಿಲು ನೆರಳು ಉಂಡು
ಕಪ್ಪಾಗಿ, ಸುಕ್ಕಾಗಿ, ಘಮ್ಮೆಂದರೂ
ಹೋಗುವುದಿಲ್ಲ ಚುಕ್ಕಿ.

ಪಟ್ಟಣದಿಂದ ಬಂದ ಅಧಿಕಾರಿ
ಕಪ್ಪುಹಲಗೆಯ ಮೇಲೆ ಬಾಣದಿಂದ ಬಾಣಕ್ಕೆ
'ಮೌಲ್ಯವರ್ಧನೆ' ಎಂದು ಬರೆದು ತೋರಿಸಿದ್ದ.
ಹಸಿ ಮಾರಿದರೆ ಇಷ್ಟು, ಹದ ಮಾಡಿ ಮಾರಿದರೆ ಅಷ್ಟು.
ಸರಿಯೇ. ಆದರೆ ಆರು ಕಿಲೋ ಹಸಿರು
ಒಂದು ಕಿಲೋ ಕಪ್ಪಾಗುವ ನಡುವೆ
ಆರಿಹೋದ ಐದು ಕಿಲೋ ನೀರು ಯಾರದು,
ಕಾದ ಏಳು ತಿಂಗಳು ಯಾರದು,
ಅದಕ್ಕೆ ಬಾಣ ಇರಲಿಲ್ಲ.
ಅದನ್ನು ನಾನು ಬರೆದೆ, ಪ್ರತಿ ಕೈಗೂ ಒಂದು ಸಾಲು.
ಗೋಡೆಗೆ ಅಂಟಿಸಿದೆ. ಓದು ಬಾರದವರಿಗೆ
ಚುಕ್ಕಿಗಳಲ್ಲೇ ಬರೆದೆ.

ಹೋದ ಫೆಬ್ರವರಿ, ಚಂಡಮಾರುತದ ಮರುದಿನ,
ಒಂಬತ್ತನೆಯ ಪೆಟ್ಟಿಗೆ ತೆರೆದರೆ
ಮೂಗಿಗೆ ಬಡಿದದ್ದು ನೆನೆದ ನಾಯಿಯ ವಾಸನೆ.
ಬೂಷ್ಟು. ಹನ್ನೊಂದು ಕಿಲೋ.
ದಲ್ಲಾಳಿ ಜೌಜಾರಾ ಬೈಕಿನಿಂದ ಇಳಿಯಲೂ ಇಲ್ಲ:
"ಸಾರಾಯಿಯಲ್ಲಿ ಒರೆಸಿ,
ಕಟ್ಟಿನ ನಡುವೆ ಇಡಿ, ಸುತ್ತ ಒಳ್ಳೆಯದು.
ಕೊಳ್ಳುವವನು ಸಮುದ್ರದಾಚೆ. ಅವನೇನು ನಿಮ್ಮ ಮಾವನೇ?"
ಯಾರೂ ಮಾತಾಡಲಿಲ್ಲ.
ಹನ್ನೊಂದು ಕಿಲೋ ಎಂದರೆ ಇಬ್ಬರು ಮಕ್ಕಳ ಶಾಲೆ,
ಒಂದು ಹೆರಿಗೆ, ಒಂದು ಸೂರು.
ನಾನೂ ಸುಮ್ಮನಿದ್ದೆ.

ಝಫಿಮಾರು ಒಂದು ಕಾಯಿ ಎತ್ತಿ, ಬೂಷ್ಟು ಒರೆಸಿ,
ನನ್ನ ಕೈಗಿಟ್ಟ. "ಓದಮ್ಮಾ, ನನಗೆ ಕಣ್ಣು ಮಂಜು."
ಮೂರು ಚುಕ್ಕಿ. ಒಂದು ಗೆರೆ.
ಇನ್ನೊಂದು. ಮೂರು ಚುಕ್ಕಿ. ಒಂದು ಗೆರೆ.
ಅಮ್ಮ ಆಸ್ಪತ್ರೆಯಲ್ಲಿದ್ದ ವಾರ
ಪೂರ್ತಿ ಒಣಗದ್ದನ್ನು, ಪರವಾಗಿಲ್ಲ ಎಂದು,
ಪೆಟ್ಟಿಗೆಗೆ ತುಂಬಿದ ಕೈ ನನ್ನದೇ.
ಪುಸ್ತಕದಲ್ಲಿ 'ಒಣಗಿದೆ' ಎಂದು ಬರೆದದ್ದೂ.
ಬೂಷ್ಟಿಗೆ ಗುರುತಿಲ್ಲ:
ಮೀನಿನ ಬಾಲಕ್ಕೂ ಹಬ್ಬಿತ್ತು, ಐದು ಚುಕ್ಕಿಗೂ.

ಹೇಳಿದೆ. ಹೇಗೆ ಹೇಳಿದೆನೋ ಗೊತ್ತಿಲ್ಲ.
ವೊಲಾಸುವಾ ಬೈದಳು, ಅತ್ತಳು, ಮತ್ತೆ ಬೈದಳು.
ನಷ್ಟ ಹಂಚಿಕೊಂಡರು. ನನಗೆ ತುಸು ಹೆಚ್ಚು, ಅದು ನ್ಯಾಯ.
ಹನ್ನೊಂದು ಕಿಲೋ ಅಂಗಳದಲ್ಲಿ ಸುಟ್ಟೆವು.
ಆ ಸಂಜೆ ಇಡೀ ಹಳ್ಳಿ ಕಾಸಿದ ಬೆಲ್ಲದ ಹಾಗೆ ಘಮಘಮಿಸಿ
ಮಕ್ಕಳಿಗೆ ಹಸಿವಾಯಿತು.

ಕೊಳ್ಳುವವನಿಗೆ ಪತ್ರ ಬರೆದೆ:
ಹನ್ನೊಂದು ಕಿಲೋ ಕಡಿಮೆ, ಕಾರಣ ಹೀಗೆ.
ಉತ್ತರ ಒಂದೇ ಸಾಲು: ಹಣ ಅಷ್ಟಕ್ಕೆ ಕಡಿತ.
ಈ ವರ್ಷ ಕೊಳ್ಳುತ್ತಾನೋ ಇಲ್ಲವೋ.
ಜೌಜಾರಾ ಹಾದುಹೋಗುವಾಗ ಹಾರನ್ನು ಹೊಡೆದು ನಗುತ್ತಾನೆ.

ಬೇರೆ ಯಾರನ್ನಾದರೂ ಕೂರಿಸಿ ಎಂದೆ.
"ಸುಟ್ಟ ಬೆರಳೇ ಒಲೆಯ ಹದ ಬಲ್ಲದು" ಎಂದ ಮುದುಕ.
ಈಗ ಪ್ರತಿ ಸಾಲಿಗೂ ಮೊದಲು
ಕಾಯನ್ನು ಬೆರಳಿಗೆ ಸುತ್ತಿ ನೋಡುತ್ತೇನೆ:
ಮುರಿಯಬಾರದು, ಒಸರಬಾರದು,
ಬಿಟ್ಟರೆ ಮೆಲ್ಲನೆ ಬಿಚ್ಚಿಕೊಳ್ಳಬೇಕು.
ಆಮೇಲಷ್ಟೇ ಪೆನ್ನು ಊರಿ
ಒಂದು ಚುಕ್ಕಿ.